ಕೂಡುಸ್ವತ್ತು ಮತ್ತು ಪಾಲುದಾರರ ಹಕ್ಕು

ಔರಾದ ಸೀಮೆಯ ಡಾಬಕಾದ ಸುತ್ತಿನ ಎರೆಭೂಮಿಯಲ್ಲಿ ಒಂದು ಹೊಲದ ಪಹಣಿಯನ್ನು ತೆಗೆದು ನೋಡಿದರೆ ಅನೇಕ ವೇಳೆ ಅದರ ಒಂಬತ್ತನೆಯ ಅಂಕಣದಲ್ಲಿ ಒಂದೇ ಹೆಸರು ಕಾಣುವುದು. ಹೊಲಕ್ಕೆ ಹೋಗಿ ನೋಡಿದರೆ ತೊಗರಿ, ಉದ್ದು ಬಿತ್ತುವವರು ಇಬ್ಬರೋ ಮೂವರೋ ಇರುತ್ತಾರೆ. ಕೊಟ್ಟ ಮನೆಗಳಲ್ಲಿರುವ ಅಕ್ಕತಂಗಿಯರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹಕ್ಕುಳ್ಳವರ ಸಂಖ್ಯೆ ಇನ್ನೂ ಹೆಚ್ಚಾಗುವುದು. ಕಾಗದದಲ್ಲಿ ಒಬ್ಬ, ಹೊಲದಲ್ಲಿ ಮೂವರು, ಕಾನೂನಿನಲ್ಲಿ ಐವರು ಎಂಬ ಈ ಸ್ಥಿತಿಯೇ ನಮ್ಮ ಕಡೆಯ ಬಹುಪಾಲು ಭೂವ್ಯಾಜ್ಯಗಳ ಮೂಲ. ಇದನ್ನು ಬಿಡಿಸಿಕೊಳ್ಳಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ "ಯಾರಿಗೆ ಎಷ್ಟು ಎಕರೆ?" ಎಂಬುದಲ್ಲ, "ಇವರು ಯಾವ ರೀತಿಯಿಂದ ಕೂಡಿ ಒಡೆಯರಾಗಿದ್ದಾರೆ?" ಎಂಬುದು. ಎರಡನೆಯ ಪ್ರಶ್ನೆಗೆ ಉತ್ತರ ದೊರೆಯದೆ ಮೊದಲನೆಯದಕ್ಕೆ ಉತ್ತರ ದೊರೆಯಲಾರದು.

ಬೀದರ, ಭಾಲ್ಕಿ, ಔರಾದಗಳು 1948ರವರೆಗೆ ನಿಜಾಮರ ಆಳಿಕೆಗೆ ಒಳಪಟ್ಟಿದ್ದವು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಆದುದರಿಂದ ಇಲ್ಲಿಯ ಹಳೆಯ ಕಂದಾಯದ ಕಾಗದಗಳ ಭಾಷೆ ಉರ್ದು, ಕಾಲಗಣನೆ ಫಸಲಿ. ಫಸಲಿ ವರ್ಷಕ್ಕೆ 590ನ್ನು ಕೂಡಿಸಿದರೆ ಇಸವಿ ಹೆಚ್ಚುಕಡಿಮೆ ದೊರೆಯುತ್ತದೆ. 1317 ಫಸಲಿಯ, ಅಂದರೆ 1907ರ ಸುಮಾರಿನ, ಹೈದರಾಬಾದ ಭೂಕಂದಾಯ ಕಾಯದೆಯಲ್ಲಿ ಎರಡು ಪದಗಳಿವೆ: ಪಟ್ಟೇದಾರ ಮತ್ತು ಶಿಕ್ಮಿದಾರ. ಸರಕಾರಕ್ಕೆ ಕಂದಾಯ ಕೊಡುವ ಹೊಣೆ ಹೊತ್ತು ಯಾರ ಹೆಸರು ದಫ್ತರದಲ್ಲಿದೆಯೋ ಅವನು ಪಟ್ಟೇದಾರ. ಹೆಸರು ಮುಂದೆ ಇಲ್ಲದಿದ್ದರೂ ಪಟ್ಟೇದಾರನಂತೆಯೇ ಭೂಮಿಯಲ್ಲಿ ಹಕ್ಕುಳ್ಳವನು, ಅಥವಾ ಮೊದಲಿನಿಂದಲೂ ಅವನೊಡನೆ ಕೂಡಿ ಕಬ್ಜೆಯಲ್ಲಿರುವವನು ಶಿಕ್ಮಿದಾರ. ಪಾರಸಿಯಲ್ಲಿ ಶಿಕಮ್ ಎಂದರೆ ಹೊಟ್ಟೆ. ಶಿಕ್ಮಿದಾರನೆಂದರೆ ಪಟ್ಟೆಯ ಒಡಲೊಳಗೆ ಇರುವವನು. ಪಾಲುದಾರನ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಬಣ್ಣಿಸುವ ಶಬ್ದ ಯಾವ ಕಾನೂನಿನ ಪುಸ್ತಕದಲ್ಲಿಯೂ ಸಿಗುವುದು ಕಷ್ಟ. "ಆಸಾಮಿ ಶಿಕ್ಮಿ" ಎಂಬುದು ಬೇರೆ, ಅವನು ಗೇಣಿದಾರ. ಈ ಎರಡು ಪದಗಳನ್ನು ಒಂದೇ ಎಂದು ಓದಿ ಒಡೆಯನನ್ನು ಗೇಣಿದಾರನನ್ನಾಗಿಯೂ ಗೇಣಿದಾರನನ್ನು ಒಡೆಯನನ್ನಾಗಿಯೂ ಮಾಡುವ ಅಪಾಯವುಂಟು.

ಇಂದಿನ ಪಹಣಿಗೆ ಆಧಾರವಾದದ್ದು 1964ರ ಕರ್ನಾಟಕ ಭೂಕಂದಾಯ ಕಾಯದೆ. ಹಕ್ಕುಪತ್ರಕದಲ್ಲಿ ಬರೆದುದನ್ನು, ವಿರುದ್ಧವಾದ ಸಂಗತಿ ಸಿದ್ಧವಾಗುವವರೆಗೆ, ನಿಜವೆಂದು ಭಾವಿಸಬೇಕೆಂದು ಅದರ 133ನೆಯ ಕಲಮು ಹೇಳುತ್ತದೆ. "ಸಿದ್ಧವಾಗುವವರೆಗೆ" ಎಂಬ ಮಾತನ್ನು ಜನ ಮರೆಯುತ್ತಾರೆ. ಖಾತೆ ಬದಲಾವಣೆಯು ಕಂದಾಯದ ವಸೂಲಿಗಾಗಿ ಇರುವ ವ್ಯವಸ್ಥೆ. ಅದು ಸ್ವಾಮ್ಯವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಹಿರಿಯ ಅಣ್ಣನ ಹೆಸರಿನಲ್ಲಿ ಅರ್ಧ ಶತಮಾನ ಪಹಣಿ ನಡೆದುಬಂದಿದ್ದರೂ ತಮ್ಮಂದಿರ ಹಕ್ಕು ಅದೊಂದರಿಂದಲೇ ಕರಗಿಹೋಗದು.

ಹಾಗಾದರೆ ಕೂಡಿ ಒಡೆಯರಾಗುವ ರೀತಿಗಳು ಯಾವುವು? ಈ ಪ್ರಶ್ನೆಗೆ ಭಾರತದ ಬಹುಭಾಗದಲ್ಲಿ ಎಂಟುನೂರು ವರ್ಷಗಳಿಗೂ ಮಿಕ್ಕಿ ಉತ್ತರವಾಗಿ ನಿಂತ ಗ್ರಂಥ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ ಎಂಬುದು ಅಭಿಮಾನದ ಸಂಗತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಗ್ರಂಥದ ಕೊನೆಗೆ ಕಲ್ಯಾಣ ನಗರವನ್ನೂ ತನ್ನ ದೊರೆಯನ್ನೂ ಹೊಗಳಿದ್ದಾನೆ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸನು ಇದರ ದಾಯಪ್ರಕರಣವನ್ನು ಇಂಗ್ಲೀಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳೂ ಇದನ್ನೇ ಪ್ರಮಾಣವಾಗಿ ಹಿಡಿದವು.

ವಿಜ್ಞಾನೇಶ್ವರನ ಮುಖ್ಯ ಪ್ರತಿಪಾದನೆ ಜನ್ಮಸ್ವತ್ವವಾದ. ತಾತ, ಮುತ್ತಾತಂದಿರಿಂದ ಬಂದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಸಾಯುವುದನ್ನು ಅವನು ಕಾಯಬೇಕಾಗಿಲ್ಲ. ವಿಭಾಗ ಎಂದರೆ ಹೊಸ ಹಕ್ಕನ್ನು ಕೊಡುವುದಲ್ಲ. ಇಡಿಯ ಆಸ್ತಿಯ ಮೇಲೆ ಹರಡಿಕೊಂಡಿರುವ ಅನೇಕರ ಹಕ್ಕುಗಳನ್ನು ಒಂದೊಂದು ಭಾಗಕ್ಕೆ ಸೀಮಿತಗೊಳಿಸುವುದು ಮಾತ್ರ. ಇದಕ್ಕೆ ಪ್ರತಿಯಾಗಿ ಬಂಗಾಳದ ಜೀಮೂತವಾಹನನು ದಾಯಭಾಗದಲ್ಲಿ ಉಪರಮಸ್ವತ್ವವಾದವನ್ನು ಎತ್ತಿಹಿಡಿದನು: ತಂದೆ ಇರುವ ತನಕ ಅವನೊಬ್ಬನೇ ಒಡೆಯ, ಅವನು ಕಣ್ಮುಚ್ಚಿದ ಮೇಲೆ ಮಕ್ಕಳಿಗೆ ಇಂತಿಷ್ಟೆಂದು ಗೊತ್ತಾದ ಪಾಲು. ಮಿತಾಕ್ಷರೆಯ ಕುಟುಂಬದಲ್ಲಿ ವಿಭಾಗವಾಗುವ ಮುನ್ನ ಯಾವ ಸದಸ್ಯನೂ ನನಗೆ ಇಷ್ಟು ಪಾಲು ಎಂದು ಬೆರಳು ತೋರಿಸಲಾರ ಎಂಬುದನ್ನು 1866ರಲ್ಲಿ ಪ್ರಿವಿ ಕೌನ್ಸಿಲ್ ಸ್ಪಷ್ಟಪಡಿಸಿತು. ಮನೆಯಲ್ಲಿ ಗಂಡು ಹುಟ್ಟಿದರೆ ಉಳಿದವರ ಪಾಲು ಕುಗ್ಗುತ್ತಿತ್ತು. ಒಬ್ಬ ಸತ್ತರೆ ಹಿಗ್ಗುತ್ತಿತ್ತು. ಸತ್ತವನ ಹಕ್ಕು ಉಳಿದವರಲ್ಲಿ ತಾನಾಗಿ ಬೆರೆತುಹೋಗುವ ಈ ಕ್ರಮಕ್ಕೆ ಉತ್ತರಜೀವಿತ್ವವೆಂದು ಹೆಸರು.

ಇಂಗ್ಲೆಂಡಿನ ಕಾನೂನಿನಲ್ಲಿಯೂ ಇಂಥದೇ ಒಂದು ಜೋಡಿಯುಂಟು. ಒಂದರಲ್ಲಿ ಒಡೆಯರೆಲ್ಲರೂ ಒಂದೇ ಪತ್ರದಿಂದ, ಒಂದೇ ಕಾಲಕ್ಕೆ, ಸಮಾನ ಹಕ್ಕನ್ನು ಪಡೆದು ಇಡಿಯ ಆಸ್ತಿಯನ್ನು ಒಟ್ಟಾಗಿ ಹೊಂದಿರುತ್ತಾರೆ, ಒಬ್ಬನು ತೀರಿದರೆ ಉಳಿದವರು ಒಡೆಯರು. ಇನ್ನೊಂದರಲ್ಲಿ ಭೂಮಿ ಮಾತ್ರ ಅವಿಭಕ್ತ, ಪಾಲುಗಳು ಗೊತ್ತಾದವು. ಒಬ್ಬನ ಪಾಲು ಅವನ ವಾರಸುದಾರರಿಗೆ ಹೋಗುವುದು. ಮೊದಲನೆಯದನ್ನು ಸಂಯುಕ್ತ ಸ್ವಾಮ್ಯ, ಎರಡನೆಯದನ್ನು ಸಹಸ್ವಾಮ್ಯ ಎಂದು ಕರೆಯಬಹುದು. ಮಿತಾಕ್ಷರಾ ಕುಟುಂಬವನ್ನು ಬಿಟ್ಟರೆ ಆಂಗ್ಲ ಮಾದರಿಯ ಸಂಯುಕ್ತ ಸ್ವಾಮ್ಯವು ಹಿಂದೂ ಕಾನೂನಿಗೆ ಅಪರಿಚಿತವೆಂದು 1896ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿದೆ. ಆದುದರಿಂದ ಇಂದು ಗಂಡಹೆಂಡತಿ ಕೂಡಿ ಬೀದರದಲ್ಲಿ ಒಂದು ನಿವೇಶನ ಕೊಂಡರೆ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಅವರು ಸಹಸ್ವಾಮಿಗಳು. 1882ರ ಆಸ್ತಿ ವರ್ಗಾವಣೆ ಕಾಯದೆಯ 45ನೆಯ ಕಲಮಿನಂತೆ ಯಾರು ಎಷ್ಟು ಹಣ ಹಾಕಿದರೋ ಅದರ ಪ್ರಮಾಣದಲ್ಲಿ ಪಾಲು. ಲೆಕ್ಕ ಸಿಗದಿದ್ದರೆ ಸಮಪಾಲು. ಒಬ್ಬರು ತೀರಿದರೆ ನಿವೇಶನವೆಲ್ಲ ಇನ್ನೊಬ್ಬರದೆಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ಅದು ತಪ್ಪು.

ಬೀದರ ಸೀಮೆಯಲ್ಲಿ ಹೊಲಕ್ಕೆ ಹೊಲ ಹೊಂದಿಕೊಂಡಿರುವ ಮುಸಲ್ಮಾನ ಕುಟುಂಬಗಳ ಸ್ಥಿತಿಯೂ ಹೋಲಿಕೆಗೆ ಯೋಗ್ಯವಾಗಿದೆ. ಅವರಲ್ಲಿ ಹುಟ್ಟಿನಿಂದ ಬರುವ ಹಕ್ಕೂ ಇಲ್ಲ, ಅವಿಭಕ್ತ ಕುಟುಂಬವೆಂಬ ಕಾನೂನಿನ ಕಲ್ಪನೆಯೂ ಇಲ್ಲ. ತಂದೆ ತೀರಿದ ಕ್ಷಣದಲ್ಲಿಯೇ ಹೆಂಡತಿ, ಮಗ, ಮಗಳು ಎಲ್ಲರಿಗೂ ಗೊತ್ತಾದ ಪಾಲುಗಳು. ಹೊಲ ಒಂದೇ ಆಗಿ ಉಳಿದರೂ ಅವರು ಸಹಸ್ವಾಮಿಗಳು. ಒಂದೇ ಬಾಂದಿನ ಎರಡು ಬದಿಗೆ ಎರಡು ಬಗೆಯ ಕೂಡುಸ್ವಾಮ್ಯ ಹೀಗೆ ತಲೆತಲಾಂತರದಿಂದ ನಡೆದುಬಂದಿದೆ.

1956ರ ಹಿಂದೂ ಉತ್ತರಾಧಿಕಾರ ಕಾಯದೆಯು ಈ ಚಿತ್ರವನ್ನು ಬದಲಿಸಿತು. ವೀರಶೈವ, ಲಿಂಗಾಯತರಿಗೂ ತಾನು ಅನ್ವಯಿಸುವುದಾಗಿ ಈ ಕಾಯದೆ ತನ್ನ ಎರಡನೆಯ ಕಲಮಿನಲ್ಲಿಯೇ ಹೆಸರಿಸಿ ಹೇಳಿದೆ. ಬದಲಾವಣೆಯ ಅರಿವು ಲೆಕ್ಕದಿಂದಲೇ ಆಗಬೇಕು. ಡಾಬಕಾದಲ್ಲಿ 18 ಎಕರೆಯ ಪೂರ್ವಾರ್ಜಿತ ಹೊಲವುಳ್ಳ ಒಬ್ಬ ರೈತನಿದ್ದಾನೆಂದೂ, ಹೆಂಡತಿ ಮೊದಲೇ ತೀರಿದ್ದಾಳೆಂದೂ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆಂದೂ ಭಾವಿಸಬೇಕು. ಅವನು 1950ರಲ್ಲಿ ತೀರಿದ್ದರೆ ಗಂಡುಮಕ್ಕಳಿಗೆ ಒಂಬತ್ತೊಂಬತ್ತು ಎಕರೆ. ಮಗಳಿಗೆ ಮದುವೆಯ ಖರ್ಚು, ಅಷ್ಟೇ. ಮರಣಪತ್ರವಿಲ್ಲದೆ 1980ರಲ್ಲಿ ತೀರಿ, ಮಕ್ಕಳು 1985ರಲ್ಲಿ ನೋಂದಾಯಿತ ಪತ್ರದಿಂದ ಹಂಚಿಕೊಂಡಿದ್ದರೆ, ಮೊದಲು ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಕಾಲ್ಪನಿಕ ವಿಭಾಗ ಮಾಡಬೇಕು. ಒಬ್ಬೊಬ್ಬರಿಗೆ ಆರು ಎಕರೆ. ತಂದೆಯ ಆರು ಎಕರೆಯನ್ನು ಮೂವರು ಮಕ್ಕಳಿಗೂ ಎರಡೆರಡರಂತೆ ಹಂಚಬೇಕು. ಗಂಡುಮಕ್ಕಳಿಗೆ ಎಂಟೆಂಟು, ಮಗಳಿಗೆ ಎರಡು. ಅವನು 2010ರಲ್ಲಿ ತೀರಿದ್ದರೆ ಮೂವರಿಗೂ ಆರಾರು.

ಎರಡರಿಂದ ಆರಕ್ಕೆ ಏರಿದ ಈ ದಾರಿ ಸುಲಭದ್ದಾಗಿರಲಿಲ್ಲ. ಕೇಂದ್ರಕ್ಕಿಂತ ಮೊದಲು ಕರ್ನಾಟಕವೇ ತಿದ್ದುಪಡಿ ತಂದು 1994ರ ಜುಲೈ 30ರಿಂದ, ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಹಕ್ಕುದಾರರನ್ನಾಗಿ ಮಾಡಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯು ಮದುವೆಯ ಈ ಷರತ್ತನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಬಗ್ಗೆ ತೀರ್ಪುಗಳು ಒಂದಕ್ಕೊಂದು ವಿರುದ್ಧವಾಗಿದ್ದವು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠವು, ಹಕ್ಕು ಬರುವುದು ಹುಟ್ಟಿನಿಂದಲಾದುದರಿಂದ ತಂದೆ ಅಂದು ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು ತೀರ್ಮಾನಿಸಿತು. ವಿಜ್ಞಾನೇಶ್ವರನ ಜನ್ಮಸ್ವತ್ವವಾದವೇ ಹೀಗೆ ಒಂಬತ್ತು ಶತಮಾನಗಳ ಮೇಲೆ ಹೆಣ್ಣುಮಗಳ ಕೈಗೆ ಬಂದ ಸಾಧನವಾಯಿತು. ಅದೇ 2005ರ ತಿದ್ದುಪಡಿಯು ಉತ್ತರಜೀವಿತ್ವದ ಕ್ರಮವನ್ನು ಕೊನೆಗಾಣಿಸಿತೆಂಬುದೂ ಗಮನಾರ್ಹ. ಜನ್ಮಹಕ್ಕು ಉಳಿಯಿತು, ಸತ್ತವನ ಪಾಲು ಉಳಿದವರಲ್ಲಿ ಬೆರೆಯುವುದು ನಿಂತಿತು.

2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆದ ವಿಭಾಗಗಳಿಗೆ ಈ ತಿದ್ದುಪಡಿ ಧಕ್ಕೆ ತರುವುದಿಲ್ಲ. ಆದರೆ ವಿಭಾಗವೆಂದರೆ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದದ್ದು. ಹಳ್ಳಿಯಲ್ಲಿ ಐದು ಜನ ಪಂಚರ ಮುಂದೆ ಬಾಯಿಮಾತಿನಿಂದ ಆದ ವಾಟ್ನಿಯನ್ನು ನ್ಯಾಯಾಲಯ ಒಪ್ಪುವುದು ಅಪರೂಪಕ್ಕೆ ಮಾತ್ರ, ಅದೂ ಸರಕಾರಿ ದಾಖಲೆಗಳ ದೃಢವಾದ ಬೆಂಬಲವಿದ್ದಾಗ. ತಂಗಿಯ ಕೈಯಿಂದ ಹಬ್ಬಕ್ಕೆ ಬಂದಾಗ ಒಂದು ಬಾಂಡ್ ಕಾಗದದ ಮೇಲೆ ಸಹಿ ಹಾಕಿಸಿಕೊಂಡು, ಸೀರೆ ಕುಪ್ಪಸ ಕೊಟ್ಟು ಕಳಿಸಿದ ಮಾತ್ರಕ್ಕೆ ಆಕೆಯ ಹಕ್ಕು ಬಿಡುಗಡೆಯಾಗುವುದಿಲ್ಲ. ಸ್ಥಿರಾಸ್ತಿಯಲ್ಲಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು.

ತಂದೆಯಿಂದ ಬಂದುದೆಲ್ಲ ಪಿತ್ರಾರ್ಜಿತ, ಪಿತ್ರಾರ್ಜಿತವಾದುದೆಲ್ಲ ಕೂಡುಕುಟುಂಬದ್ದು ಎಂಬ ತಿಳುವಳಿಕೆಯೂ ನಮ್ಮಲ್ಲಿ ಬೇರೂರಿದೆ. ಶಿಕ್ಷಕನೊಬ್ಬನು ತನ್ನ ಸಂಬಳದಿಂದ ನಾಲ್ಕು ಎಕರೆ ಕೊಂಡು, 1956ರ ನಂತರ ಮರಣಪತ್ರವಿಲ್ಲದೆ ತೀರಿದರೆ, ಆ ಹೊಲ ಅವನ ಮಕ್ಕಳಿಗೆ, ಹೆಂಡತಿಗೆ, ತಾಯಿಗೆ ಸಮನಾಗಿ ಹೋಗುವುದು. 19ನೆಯ ಕಲಮಿನ ಪ್ರಕಾರ ಅವರು ಸಹಸ್ವಾಮಿಗಳು. ಒಬ್ಬೊಬ್ಬರ ಪಾಲು ಗೊತ್ತಾದದ್ದು. ಹಾಗೆ ಮಗನಿಗೆ ಬಂದ ಪಾಲು ಅವನ ಸ್ವಂತದ್ದು. ಅದರಲ್ಲಿ ಮೊಮ್ಮಗನಿಗೆ ಹುಟ್ಟಿನಿಂದ ಹಕ್ಕಿಲ್ಲವೆಂದು 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿದೆ. ಹೀಗೆ ಒಂದೇ ಮನೆತನದಲ್ಲಿ ತಾತನ ಹೊಲ ಒಂದು ರೂಪದಲ್ಲಿ, ತಂದೆಯ ಹೊಲ ಇನ್ನೊಂದು ರೂಪದಲ್ಲಿ ಕೂಡುಸ್ವತ್ತಾಗಿರುವುದು ಸಾಧ್ಯ.

ಇನ್ನು ಹಕ್ಕುಗಳು. ರೂಪ ಯಾವುದೇ ಇರಲಿ, ವಿಭಾಗವಾಗುವ ತನಕ ಪ್ರತಿಯೊಬ್ಬ ಪಾಲುದಾರನು ಇಡಿಯ ಹೊಲದ ಪ್ರತಿಯೊಂದು ಹೆಂಟೆಗೂ ಒಡೆಯ. ಆದುದರಿಂದ ಒಬ್ಬನು ಇನ್ನೊಬ್ಬನನ್ನು ಅತಿಕ್ರಮಣಕಾರನೆನ್ನಲಾಗದು. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದ ತಮ್ಮನ ಪರವಾಗಿಯೂ ಊರಲ್ಲಿರುವ ಅಣ್ಣನೇ ಕಬ್ಜೆಯಲ್ಲಿದ್ದಾನೆಂದು ಕಾನೂನು ಭಾವಿಸುತ್ತದೆ. ಹನ್ನೆರಡು ವರ್ಷ ಒಬ್ಬನೇ ಉತ್ತಿದ ಮಾತ್ರಕ್ಕೆ ಹೊಲ ಅವನದಾಗದು. ನಿನಗೆ ಇಲ್ಲಿ ಹಕ್ಕಿಲ್ಲವೆಂದು ಬಹಿರಂಗವಾಗಿ ಸಾರಿ, ತಮ್ಮನಿಗೆ ತಿಳಿಯುವಂತೆ ಅವನನ್ನು ಹೊರಗಿಟ್ಟು, ಅಲ್ಲಿಂದ ಹನ್ನೆರಡು ವರ್ಷ ಕಳೆದಿರಬೇಕು. 1957ರಲ್ಲಿ ವರದಿಯಾದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಈ ವಿಷಯದಲ್ಲಿ ಇಂದಿಗೂ ಆಧಾರ. ಕಂದಾಯವನ್ನು ಒಬ್ಬನೇ ತುಂಬಿದ್ದರೆ ಉಳಿದವರಿಂದ ಅವರ ಪಾಲಿನ ಹಣ ಕೇಳಬಹುದು. ಒಬ್ಬನು ಸ್ವಂತ ಖರ್ಚಿನಿಂದ ಬದು ಕಟ್ಟಿ ನೆಲ ಹದಗೊಳಿಸಿದ್ದರೆ, ವಿಭಾಗದ ಕಾಲಕ್ಕೆ ಆ ಭಾಗವನ್ನು ಸಾಧ್ಯವಾದಷ್ಟು ಅವನಿಗೇ ಕೊಡುವುದು ನ್ಯಾಯಾಲಯಗಳ ರೂಢಿ.

ಮಾರಾಟದಲ್ಲಿ ರೂಪಭೇದ ಎದ್ದು ಕಾಣುತ್ತದೆ. ಸಹಸ್ವಾಮಿಯು ತನ್ನ ಪಾಲನ್ನು ಯಾರಿಗೆ ಬೇಕಾದರೂ ಮಾರಬಹುದು. ಕೊಂಡವನು ಅವನ ಜಾಗದಲ್ಲಿ ನಿಂತು ಉಳಿದವರೊಡನೆ ಕೂಡಿ ಅನುಭವಿಸಬಹುದು. ಆದರೆ ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಪರಕೀಯನಿಗೆ ಒಳಗೆ ಬಂದು ವಾಸಿಸುವ ಹಕ್ಕಿಲ್ಲವೆಂದು ಆಸ್ತಿ ವರ್ಗಾವಣೆ ಕಾಯದೆಯ 44ನೆಯ ಕಲಮು ತಡೆ ಹಾಕಿದೆ. ಅವನು ವಿಭಾಗಕ್ಕೆ ದಾವೆ ಹೂಡಿದರೆ, 1893ರ ವಿಭಾಗ ಕಾಯದೆಯ 4ನೆಯ ಕಲಮಿನಂತೆ ಮನೆಯವರು ಬೆಲೆ ಕೊಟ್ಟು ಆ ಪಾಲನ್ನು ತಾವೇ ಕೊಂಡುಕೊಳ್ಳಬಹುದು. ಇದಲ್ಲದೆ ತಂದೆಯಿಂದ ಕೂಡಿ ವಾರಸಾ ಪಡೆದ ಮಕ್ಕಳಲ್ಲಿ ಒಬ್ಬನು ತನ್ನ ಪಾಲನ್ನು ಮಾರಹೊರಟರೆ ಒಡಹುಟ್ಟಿದವರಿಗೆ ಮೊದಲು ಕೊಳ್ಳುವ ಹಕ್ಕನ್ನು ಉತ್ತರಾಧಿಕಾರ ಕಾಯದೆಯ 22ನೆಯ ಕಲಮು ಕೊಟ್ಟಿದೆ. ಇದು ಕೃಷಿಭೂಮಿಗೂ ಅನ್ವಯಿಸುವುದೆಂದು 2019ರಲ್ಲಿ ತೀರ್ಮಾನವಾಯಿತು. ಮಿತಾಕ್ಷರಾ ಕೂಡುಕುಟುಂಬದ ಮಾತು ಬೇರೆ. ಮುಂಬಯಿ, ಮದ್ರಾಸು ಪ್ರಾಂತಗಳ ನ್ಯಾಯಸಂಪ್ರದಾಯದಂತೆ ಅಲ್ಲಿಯೂ ಸದಸ್ಯನು ಬೆಲೆ ಪಡೆದು ತನ್ನ ಅವಿಭಕ್ತ ಹಕ್ಕನ್ನು ಮಾರಬಹುದಾದರೂ, ಕೊಂಡವನಿಗೆ ಕಬ್ಜೆ ದೊರೆಯದು. ವಿಭಾಗದ ದಾವೆಯೊಂದೇ ಅವನ ದಾರಿ.

ದಾನದ ವಿಷಯವು ಶಿಕ್ಷಣಸಂಸ್ಥೆಗಳಿಗೂ ಅವುಗಳ ದಾನಿಗಳಿಗೂ ನೇರವಾಗಿ ಸಂಬಂಧಿಸಿದೆ. ಈ ಭಾಗದಲ್ಲಿ ಮಠಗಳ ಶಾಲೆಗಳು, ಪ್ರಸಾದನಿಲಯಗಳು ಭಕ್ತರು ಕೊಟ್ಟ ನೆಲದ ಮೇಲೆ ನಿಂತಿರುವುದು ಎಲ್ಲರೂ ಬಲ್ಲ ಮಾತು. ಆದರೆ ಕೊಟ್ಟವರ ಹಕ್ಕು ಯಾವ ರೂಪದ್ದಾಗಿತ್ತೆಂದು ಕೇಳಿದವರು ವಿರಳ. ಕೂಡುಕುಟುಂಬದ ಸದಸ್ಯನು ತನ್ನ ಅವಿಭಕ್ತ ಹಕ್ಕನ್ನು ಮಾರಬಲ್ಲನು. 1956ರ ಕಾಯದೆಯ 30ನೆಯ ಕಲಮಿನಂತೆ ಮರಣಪತ್ರದಿಂದ ಬರೆದಿಡಬಲ್ಲನು. ಉಳಿದವರ ಒಪ್ಪಿಗೆಯಿಲ್ಲದೆ ದಾನ ಮಾತ್ರ ಮಾಡಲಾರನು. ಅಂಥ ದಾನ ಅಸಿಂಧುವೆಂದು 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿದೆ. ಮನೆಯ ಯಜಮಾನನು ಧರ್ಮಕಾರ್ಯಕ್ಕೆಂದು ಕುಟುಂಬದ ಒಟ್ಟು ಆಸ್ತಿಗೆ ಹೋಲಿಸಿದರೆ ಅಲ್ಪವೆನಿಸುವ ಭಾಗವನ್ನು ಕೊಡಬಹುದೆಂಬ ವಿನಾಯಿತಿ ಹಳೆಯದು. ಪ್ರೀತಿವಿಶ್ವಾಸದಿಂದ ಕೊಟ್ಟದ್ದು ಈ ವಿನಾಯಿತಿಯಲ್ಲಿ ಬರುವುದಿಲ್ಲವೆಂದು ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 2022ರಲ್ಲಿ ಮತ್ತೆ ಸ್ಪಷ್ಟವಾಯಿತು. ಹದಿನೆಂಟು ಎಕರೆಯಲ್ಲಿ ಕಾಲು ಎಕರೆ ಶಾಲೆಗೆ ಕೊಟ್ಟರೆ ಉಳಿಯಬಹುದು. ಐದು ಎಕರೆ ಕೊಟ್ಟರೆ ಮುಂದೆ ಮಕ್ಕಳು ದಾವೆ ಹೂಡಿ ಕಟ್ಟಡದ ಕೆಳಗಿನ ನೆಲವನ್ನೇ ಕೇಳುವ ಸಂಭವವಿದೆ.

ಇದೇ ದಾನವನ್ನು ಸಹಸ್ವಾಮಿ ಮಾಡಿದರೆ ಅದು ಸಿಂಧು. ಸಂಸ್ಥೆಯು ಅವನ ಜಾಗದಲ್ಲಿ ಪಾಲುದಾರನಾಗುವುದು. ಹನಫಿ ಮುಸಲ್ಮಾನನು ಭಾಗಮಾಡಬಹುದಾದ ಹೊಲದಲ್ಲಿ ತನ್ನ ಅವಿಭಕ್ತ ಪಾಲನ್ನು ಕೊಟ್ಟರೆ, ಮುಶಾ ಎಂಬ ತತ್ವದಂತೆ ಅದು ಅಕ್ರಮ, ಆದರೆ ಅಸಿಂಧುವಲ್ಲ. ಮುಂದೆ ಭಾಗಮಾಡಿ ಒಪ್ಪಿಸಿದರೆ ಊರ್ಜಿತವಾಗುವುದು. ಕೊಡುವ ಮನಸ್ಸು ಮೂವರದೂ ಒಂದೇ. ಫಲ ಮೂರು ತೆರನಾದುದು ಸ್ವಾಮ್ಯದ ರೂಪದಿಂದ. ದಾನಿಯು ಸದುದ್ದೇಶದಿಂದ ಕೊಟ್ಟದ್ದು ಅವನ ಮಗಳ ಪಾಲನ್ನು ಅವಳಿಗೆ ತಿಳಿಯದಂತೆ ಕೊಟ್ಟದ್ದಾಗಬಾರದಲ್ಲವೆ? ಸ್ವೀಕರಿಸುವ ಸಂಸ್ಥೆಯು ಪಹಣಿಯೊಂದನ್ನೇ ನೋಡದೆ ವಂಶವೃಕ್ಷವನ್ನು ಕೇಳಿ, ಹೆಣ್ಣುಮಕ್ಕಳ ಸಹಿತ ಪಾಲುದಾರರೆಲ್ಲರ ಸಹಿಯೊಡನೆ, ಇಬ್ಬರು ಸಾಕ್ಷಿದಾರರ ಸಮಕ್ಷಮ ದಾನಪತ್ರವನ್ನು ನೋಂದಾಯಿಸಿಕೊಳ್ಳುವುದು ಸಂಕೋಚದ ಸಂಗತಿಯೇನೂ ಅಲ್ಲ.

ವಿಭಾಗದಲ್ಲಿ ಎರಡು ಹಂತಗಳಿವೆ. ನಾನು ಬೇರೆಯಾಗುತ್ತೇನೆಂದು ಒಬ್ಬ ಸದಸ್ಯನು ನಿಸ್ಸಂದಿಗ್ಧವಾಗಿ ತಿಳಿಸಿದೊಡನೆ ಕೂಡುಕುಟುಂಬದ ಸ್ಥಿತಿ ಮುರಿದು ಪಾಲುಗಳು ಗೊತ್ತಾಗುತ್ತವೆ. ಅಲ್ಲಿಂದ ಅಳತೆಯ ಪ್ರಕಾರ ಹೊಲ ಬೇರೆಯಾಗುವ ತನಕ ಅವರೆಲ್ಲ ಸಹಸ್ವಾಮಿಗಳು. ಮನಸ್ಸು ಬೇರೆಯಾಗಲು ಒಂದು ನೋಟೀಸು ಸಾಕು, ನೆಲ ಬೇರೆಯಾಗಲು ವರ್ಷಗಳು ಬೇಕು. ನ್ಯಾಯಾಲಯವು ಪ್ರಾಥಮಿಕ ಡಿಕ್ರಿಯಲ್ಲಿ ಪಾಲುಗಳನ್ನು ಗೊತ್ತುಪಡಿಸುತ್ತದೆ. ಕಂದಾಯದ ಭೂಮಿಯನ್ನು ಅಳೆದು ಕೊಡುವ ಕೆಲಸ ಜಿಲ್ಲಾಧಿಕಾರಿಗಳ ಕಚೇರಿಯದು. ಪ್ರಾಥಮಿಕ ಡಿಕ್ರಿಯಾದ ಮೇಲೆ ಕಕ್ಷಿದಾರರ ಅರ್ಜಿಗಾಗಿ ಕಾಯದೆ ನ್ಯಾಯಾಲಯವೇ ಅಂತಿಮ ಡಿಕ್ರಿಯತ್ತ ಮುಂದುವರಿಯಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಸೂಚಿಸಿತು. ಒಪ್ಪಂದದಿಂದ ಹಂಚಿಕೊಳ್ಳುವವರು ಮೊದಲು ಭೂಮಾಪಕರಿಂದ 11ಇ ನಕ್ಷೆ ಮಾಡಿಸಿ, ಅದರಂತೆ ವಿಭಾಗಪತ್ರ ನೋಂದಾಯಿಸಿ, ಪೋಡಿಯಾದ ಹೊಸ ಹಿಸ್ಸೆ ನಂಬರುಗಳಿಗೆ ಪಹಣಿ ಪಡೆಯುವುದು ಕ್ರಮ.

ಹಂಚಿದ ಮೇಲೆಯೂ ಎಲ್ಲವೂ ಹಂಚಿಹೋಗುವುದಿಲ್ಲ. ಹೊಲಕ್ಕೆ ಹೋಗುವ ದಾರಿ, ಬಣವೆಯ ಜಾಗ, ಹಳೆಯ ಬಾವಿ ಇವುಗಳನ್ನು ಸಾಮಾಯಿಕವಾಗಿ ಇಟ್ಟುಕೊಂಡು, ಬಾವಿಯ ನೀರಿಗೆ ಪಾಳಿ ಗೊತ್ತುಮಾಡುವುದು ಈ ಕಡೆಯ ವಿಭಾಗಪತ್ರಗಳ ರೂಢಿ. ಅಷ್ಟರ ಮಟ್ಟಿಗೆ ಬೇರೆಯಾದ ಅಣ್ಣತಮ್ಮ, ಅಕ್ಕತಂಗಿಯರು ಸಹಸ್ವಾಮಿಗಳಾಗಿಯೇ ಉಳಿಯುತ್ತಾರೆ. ಪಾಳಿಯ ದಿನ, ಪಂಪಿನ ದುರಸ್ತಿಯ ಖರ್ಚು, ಬಾವಿಯ ಹೂಳೆತ್ತುವ ಹೊಣೆ ಇವನ್ನು ಪತ್ರದಲ್ಲಿ ಒಂದೆರಡು ಸಾಲಿನಲ್ಲಿ ಬರೆಯದೆ ಬಿಟ್ಟರೆ, ಮುಂದಿನ ಬೇಸಗೆಯ ಮೊದಲ ಪಾಳಿಗೇ ಅದೇ ಮನೆಯವರು ಮತ್ತೆ ವಕೀಲರ ಕಚೇರಿಯ ಮೆಟ್ಟಿಲು ಹತ್ತಬೇಕಾಗುವುದು.